ಗೋಡೆಗೆ ಟಿವಿ ಹಾಕುವ ಮುನ್ನ ಗೋಡೆ ಯಾವುದೆಂದು ನೋಡಿ: ಹಂತ ಹಂತದ ಮಾರ್ಗದರ್ಶಿ

"ಕಂಪನಿಯವರು ಕೊಟ್ಟ ಸ್ಕ್ರೂ ಸಾಕಾ?" "55 ಇಂಚಿನ ಟಿವಿಯನ್ನು 4 ಇಂಚಿನ ಗೋಡೆ ತಡೆಯುತ್ತಾ?" "ನಮ್ಮ ಅಪಾರ್ಟ್‌ಮೆಂಟ್ ಗೋಡೆಗೆ ಡ್ರಿಲ್ ಇಟ್ಟರೆ ಪುಡಿಪುಡಿ ಉದುರುತ್ತೆ, ಏನು ಮಾಡಲಿ?" ಹೊಸ ಟಿವಿ ಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು ಇವೇ. ಮೂರಕ್ಕೂ ಉತ್ತರ ಸಿಗುವುದು ಗೋಡೆಯಲ್ಲಿ.

ಈಗಿನ ಎಲ್‌ಇಡಿ ಟಿವಿಗಳು ಅಂಥ ಭಾರವೇನಲ್ಲ. 43 ಇಂಚಿನದು ಸುಮಾರು 7ರಿಂದ 10 ಕೆ.ಜಿ., 55 ಇಂಚಿನದು 13ರಿಂದ 18 ಕೆ.ಜಿ., 65 ಇಂಚಿನದು 20ರಿಂದ 25 ಕೆ.ಜಿ. ಒಳ್ಳೆಯ ಗೋಡೆಗೆ ಸರಿಯಾದ ನಾಲ್ಕು ಪ್ಲಗ್ (ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ಕೊಳವೆ) ಕೂತರೆ ಇಷ್ಟು ತೂಕ ಲೆಕ್ಕಕ್ಕೇ ಇಲ್ಲ. ಟಿವಿ ಬೀಳುವುದು ಬಹುಪಾಲು ಎಲ್ಲ ಗೋಡೆಗೂ ಒಂದೇ ಪ್ಲಗ್, ಒಂದೇ ಸ್ಕ್ರೂ ಹಾಕುವುದರಿಂದ. ಬೆಂಗಳೂರಿನಲ್ಲಂತೂ ಒಂದೇ ಬೀದಿಯಲ್ಲಿ ನಾಲ್ಕು ಬಗೆಯ ಗೋಡೆ ಸಿಗುತ್ತವೆ. ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳದ್ದು ಇಟ್ಟಿಗೆ ಅಥವಾ ಸೈಜುಗಲ್ಲು. ಬಡಾವಣೆಗಳ ಸ್ವಂತ ಮನೆಗಳದ್ದು ಹೆಚ್ಚಾಗಿ ಸಾಲಿಡ್ ಬ್ಲಾಕ್. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಎಎಸಿ ಬ್ಲಾಕ್ (ಗಾಳಿಗುಳ್ಳೆಗಳಿರುವ ಹಗುರ ಬ್ಲಾಕ್) ಇಲ್ಲವೇ ಪೂರ್ತಿ ಕಾಂಕ್ರೀಟ್. ಹಾಗಾಗಿ ಎತ್ತರ, ಬ್ರ್ಯಾಕೆಟ್, ಕೇಬಲ್ ಎಲ್ಲ ಆಮೇಲೆ. ಮೊದಲು ಗೋಡೆ.

ಬೇಕಾಗುವ ಸಾಮಾನು

ಹ್ಯಾಮರ್ ಡ್ರಿಲ್ (ತಿರುಗುತ್ತಲೇ ಕುಟ್ಟುವ ಡ್ರಿಲ್; ಕುಟ್ಟುವ ಹ್ಯಾಮರ್ ಆಫ್ ಮಾಡುವ ಸ್ವಿಚ್ ಇರಲೇಬೇಕು), 6, 8, 10 (ಎಎಸಿ ಗೋಡೆಯಾದರೆ 9 ಕೂಡ) ಮಿ.ಮೀ. ಬಿಟ್‌ಗಳು, ಟೇಪು, ಪೆನ್ಸಿಲ್, ಒಂದೆರಡು ಅಡಿ ಉದ್ದದ ರಸಮಟ್ಟ, ಗೋಡೆಗೆ ಅಂಟಿಸುವ ಮಾಸ್ಕಿಂಗ್ ಟೇಪ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಸ್ಕ್ರೂ ಡ್ರೈವರ್, ಸ್ಪ್ಯಾನರ್. ಮೊಬೈಲ್‌ನಲ್ಲಿರುವ ಲೆವೆಲ್ ಆ್ಯಪ್ ನಂಬಬೇಡಿ. ಕ್ಯಾಮೆರಾ ಉಬ್ಬಿನಿಂದಾಗಿ ಫೋನ್ ನೆಟ್ಟಗೆ ಕೂರುವುದಿಲ್ಲ. ಕಾಂಕ್ರೀಟ್ ಗೋಡೆಯಾದರೆ ಸಾಧಾರಣ ಹ್ಯಾಮರ್ ಡ್ರಿಲ್ ಸೋಲುತ್ತದೆ. ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ. ಪ್ಲಗ್, ಸ್ಕ್ರೂಗಳನ್ನು ಗೋಡೆ ಯಾವುದೆಂದು ಗೊತ್ತಾದ ಮೇಲೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಳ್ಳಿ. ಬ್ರ್ಯಾಕೆಟ್, ಕೇಬಲ್‌ಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಆಯ್ಕೆ ಇದೆ.

ಹಂತ 1: ಗೋಡೆ ಯಾವುದೆಂದು ಪುಡಿ ನೋಡಿ ತಿಳಿಯಿರಿ

ಬಡಿದು ಸದ್ದು ಕೇಳಿದರೆ ಗೊತ್ತಾಗುತ್ತದೆ ಎನ್ನುವವರಿದ್ದಾರೆ. ಪ್ಲಾಸ್ಟರಿಂಗ್ ಮತ್ತು ಪುಟ್ಟಿ ಎಲ್ಲ ಸದ್ದನ್ನೂ ಒಂದೇ ಥರ ಮಾಡಿಬಿಡುತ್ತವೆ, ಆದ್ದರಿಂದ ಅದು ನಂಬುವ ಪರೀಕ್ಷೆಯಲ್ಲ. ಪರೀಕ್ಷೆಗೆಂದು ಒಂದು ತೂತು ಕೊರೆಯುವುದೇ ಸರಿ. ಟಿವಿ ಮುಚ್ಚಿಕೊಳ್ಳುವ ಜಾಗದಲ್ಲಿ, ಹಂತ 2ರಲ್ಲಿ ಹೇಳಿದಂತೆ ವೈರು, ಪೈಪು ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, 6 ಮಿ.ಮೀ. ಬಿಟ್ ಹಾಕಿ, ಹ್ಯಾಮರ್ ಆಫ್ ಮಾಡಿ, 50 ಮಿ.ಮೀ. ಆಳ ಕೊರೆಯಿರಿ. ತೂತಿನ ಕೆಳಗೆ ಮಡಚಿದ ಬಿಳಿ ಕಾಗದ ಅಂಟಿಸಿಕೊಳ್ಳಿ, ಪುಡಿ ಅದರಲ್ಲಿ ಬೀಳಲಿ.

ಮೊದಲ 12ರಿಂದ 15 ಮಿ.ಮೀ. ಬರುವುದು ಪ್ಲಾಸ್ಟರಿಂಗ್ ಪುಡಿ. ಯಾವ ಗೋಡೆಯಾದರೂ ಅದು ಬೂದು ಬಣ್ಣವೇ (ಜಿಪ್ಸಮ್ ಪ್ಲಾಸ್ಟರ್ ಆದರೆ ಬಿಳಿ). ಅದನ್ನು ಕೊಡವಿ ಬಿಸಾಕಿ. ಆಮೇಲೆ ಬರುವ ಪುಡಿಯೇ ಗೋಡೆಯ ಗುರುತು.

ಕೆಂಪು ಪುಡಿ, ಬಿಟ್ ಒಂದೇ ಸಮನೆ ಒಳಗೆ ಹೋಗುತ್ತಿದೆ: ಇಟ್ಟಿಗೆ. ಕೆಂಪು ಪುಡಿ ಬರುತ್ತಿದ್ದು, ಬಿಟ್ ನಡುನಡುವೆ ತಟ್ಟನೆ ಮುಂದಕ್ಕೆ ಜಾರಿದರೆ ಅದು ಒಳಗೆ ಖಾನೆಗಳಿರುವ ಟೊಳ್ಳು ಮಣ್ಣಿನ ಬ್ಲಾಕ್ (ಪೊರೊಥರ್ಮ್ ಎಂಬ ಹೆಸರಲ್ಲಿ ಬರುವುದು ಇದೇ).

ಒರಟಾದ, ಮರಳು ಮರಳಾದ ಬೂದು ಪುಡಿ: ಸಾಲಿಡ್ ಕಾಂಕ್ರೀಟ್ ಬ್ಲಾಕ್. ಅದೇ ಪುಡಿ ಬರುತ್ತಾ, ಎರಡು ಮೂರು ಸೆಂ.ಮೀ. ಆದಮೇಲೆ ಬಿಟ್ ಖಾಲಿ ಜಾಗಕ್ಕೆ ನುಗ್ಗಿದರೆ ಹಾಲೋ ಬ್ಲಾಕ್.

ಮೈದಾ ಹಿಟ್ಟಿನಂಥ ನುಣ್ಣನೆ ಬಿಳಿಬೂದು ಪುಡಿ, ಬಿಟ್ ಮೇಲೆ ಭಾರವನ್ನೇ ಹಾಕದಿದ್ದರೂ ಒಳಗೆ ಹೋಗುತ್ತಿದೆ: ಎಎಸಿ ಬ್ಲಾಕ್. ಗಾಳಿಗುಳ್ಳೆ ತುಂಬಿಸಿ ಆವಿಯಲ್ಲಿ ಬೇಯಿಸಿ ಮಾಡುವ ಹಗುರ ಬ್ಲಾಕ್ ಇದು. ಮೇಸ್ತ್ರಿಗಳು ಲೈಟ್‌ವೇಟ್ ಬ್ಲಾಕ್ ಎನ್ನುತ್ತಾರೆ. ಟಿವಿ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾದ ಗೋಡೆ ಇದು.

ಪ್ಲಾಸ್ಟರಿಂಗ್ ದಾಟಿದ ಮೇಲೆ ಬಿಟ್ ಮುಂದಕ್ಕೇ ಹೋಗುತ್ತಿಲ್ಲ, ಬಿಸಿಯಾಗುತ್ತಿದೆ, ಪುಡಿ ಚಿಟಿಕೆಯಷ್ಟೂ ಬರುತ್ತಿಲ್ಲ: ಕಾಂಕ್ರೀಟ್. ಪಿಲ್ಲರ್ ಇರಬಹುದು, ಅಥವಾ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಗೋಡೆ. ಬಿಲ್ಡರ್‌ಗಳು ಮೈವಾನ್ ಎನ್ನುವುದು ಇದಕ್ಕೇ. ಇದರ ಮೇಲೆ ಬಹಳ ಸಲ ಪ್ಲಾಸ್ಟರಿಂಗೇ ಇರುವುದಿಲ್ಲ. ಹಳೇ ಮನೆಯಲ್ಲಿ ಹೀಗಾದರೆ ಸೈಜುಗಲ್ಲು.

ಕಂದುಗೆಂಪಿನ, ಬೆರಳಲ್ಲಿ ಉಜ್ಜಿದರೆ ಮಣ್ಣೇ ಆಗಿರುವ ಪುಡಿ: ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್.

ಕೊನೆಯದಾಗಿ, ಪ್ಲಾಸ್ಟರಿಂಗೇ ಇಲ್ಲದೆ 12 ಮಿ.ಮೀ. ಆದಮೇಲೆ ಬಿಟ್ ಖಾಲಿಗೆ ಹೋದರೆ ಅದು ಜಿಪ್ಸಮ್ ಬೋರ್ಡ್ ಪಾರ್ಟಿಷನ್. ಒಳಗಿನ ತಗಡಿನ ಚೌಕಟ್ಟಿಗೆ ಅಥವಾ ಪ್ಲೈವುಡ್ ಪಟ್ಟಿಗೆ ಸ್ಕ್ರೂ ಸಿಗದಿದ್ದರೆ ಆ ಗೋಡೆಗೆ ಟಿವಿ ಹಾಕಲೇಬೇಡಿ.

ಹಂತ 2: ವೈರು, ಪೈಪು ಎಲ್ಲಿವೆ?

ನಮ್ಮ ಮನೆಗಳಲ್ಲಿ ವೈರಿಂಗ್ ಪೈಪುಗಳು ಸಾಮಾನ್ಯವಾಗಿ ಮೋಲ್ಡ್‌ನಿಂದ ಸ್ವಿಚ್ ಬೋರ್ಡ್‌ಗೆ ನೆಟ್ಟಗೆ ಇಳಿಯುತ್ತವೆ. ಆದ್ದರಿಂದ ಪ್ರತಿ ಬೋರ್ಡ್, ಪ್ರತಿ ಸಾಕೆಟ್‌ನ ಮೇಲೂ ಕೆಳಗೂ, ಎರಡೂ ಪಕ್ಕದಲ್ಲಿ 15 ಸೆಂ.ಮೀ. ಅಗಲದ ಪಟ್ಟಿಯನ್ನು ನಿಷಿದ್ಧ ಎಂದು ಗುರುತು ಹಾಕಿಕೊಳ್ಳಿ. ಒಂದೇ ಎತ್ತರದಲ್ಲಿ ಎರಡು ಬೋರ್ಡ್ ಇದ್ದರೆ ಅವುಗಳ ನಡುವಿನ ಅಡ್ಡಪಟ್ಟಿಯೂ ಅಷ್ಟೇ. ಎಲ್ಲರೂ ಎಡವುವುದು ಟಿವಿ ಸಾಕೆಟ್ ವಿಷಯದಲ್ಲಿ. ಟಿವಿ ಅದರ ಮೇಲೆಯೇ ಬರಬೇಕು, ಪೈಪೂ ಅದರ ಮೇಲಿನಿಂದಲೇ ಇಳಿದಿರುತ್ತದೆ. ಬ್ರ್ಯಾಕೆಟ್ ತೂತುಗಳು ಪೈಪಿನ ಎರಡು ಬದಿಗೆ ಬೀಳುವ ಹಾಗೆ ಹೊಂದಿಸಬೇಕೇ ಹೊರತು ನಡುವೆ ಬೀಳಬಾರದು.

ಎರಕದ ಕಾಂಕ್ರೀಟ್ ಗೋಡೆಯಲ್ಲಿ ಈ ಲೆಕ್ಕ ಪೂರ್ತಿ ನಂಬಲಾಗದು. ಕಾಂಕ್ರೀಟ್ ಸುರಿಯುವಾಗ ಪೈಪು ವಾಲಿರಬಹುದು. ಬಿಲ್ಡರ್ ಕೊಟ್ಟ ಎಲೆಕ್ಟ್ರಿಕಲ್ ಡ್ರಾಯಿಂಗ್ ಅಸೋಸಿಯೇಷನ್ ಆಫೀಸಿನಲ್ಲಿ ಇದ್ದರೆ ಕೇಳಿ ನೋಡಿ.

ಗೋಡೆಯ ಆಚೆ ಬದಿ ಬಾತ್‌ರೂಮ್ ಅಥವಾ ಅಡುಗೆಮನೆಯ ಸಿಂಕ್ ಇದೆಯೇ? ಇದ್ದರೆ ಆಚೆ ಕಡೆಯ ನಲ್ಲಿ, ಶವರ್, ಗೀಸರ್ ಪಾಯಿಂಟ್‌ಗಳನ್ನು ಅಳೆದು ಈಚೆ ಗೋಡೆಯ ಮೇಲೆ ಗುರುತಿಸಿ, ಅವುಗಳ ನೆಟ್ಟಗಿನ ಮತ್ತು ಅಡ್ಡ ಸಾಲು ಬಿಟ್ಟುಬಿಡಿ. ಪ್ಲಾಸ್ಟಿಕ್ ನೀರಿನ ಪೈಪನ್ನು ಮೆಟಲ್ ಡಿಟೆಕ್ಟರ್ ತೋರಿಸುವುದಿಲ್ಲ. ನೂರಿನ್ನೂರು ರೂಪಾಯಿಯ ಟೆಸ್ಟರ್ ಕೂಡ ಕರೆಂಟ್ ಇರುವ ವೈರನ್ನಷ್ಟೇ ಹೇಳೀತು, ಅದೂ ಆಳದಲ್ಲಿದ್ದರೆ ಹೇಳದು.

ಕೊರೆಯುವಾಗ ಹಾಲ್‌ನ ಎಂಸಿಬಿ ಆಫ್ ಮಾಡಿ, ಡ್ರಿಲ್‌ಗೆ ಬೇರೆ ರೂಮಿನಿಂದ ಎಕ್ಸ್‌ಟೆನ್ಷನ್ ಎಳೆದುಕೊಳ್ಳಿ. ಮನೆಯಲ್ಲಿ ಯುಪಿಎಸ್ ಲೈನ್ ಇದ್ದರೆ ಅದನ್ನೂ ಆಫ್ ಮಾಡಬೇಕು. ಮೇನ್ ಸ್ವಿಚ್ ಇಳಿಸಿದರೂ ಆ ವೈರಿನಲ್ಲಿ ಕರೆಂಟ್ ಇರುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಇನ್ನೊಂದು: ಮಳೆಗಾಲದಲ್ಲಿ ತೇವ ಹಿಡಿದು ಪೇಂಟ್ ಉಬ್ಬುವ ಹೊರಗೋಡೆಗೆ ಟಿವಿ ಬೇಡ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಟಿವಿ.

ಹಂತ 3: ಬ್ರ್ಯಾಕೆಟ್ ಆರಿಸಿ

ಟಿವಿ ಬೆನ್ನಿನಲ್ಲಿ ನಾಲ್ಕು ಸ್ಕ್ರೂ ತೂತುಗಳಿರುತ್ತವೆ. ಅವುಗಳ ನಡುವಿನ ಅಂತರಕ್ಕೆ ವೆಸಾ ಅಳತೆ ಎನ್ನುತ್ತಾರೆ. 400×200 ಎಂದರೆ ಅಡ್ಡಕ್ಕೆ 400 ಮಿ.ಮೀ., ನೆಟ್ಟಗೆ 200 ಮಿ.ಮೀ. ಬ್ರ್ಯಾಕೆಟ್ ಡಬ್ಬಿಯ ಮೇಲಿನ ಅಳತೆಗಳಲ್ಲಿ ಇದು ಇರಬೇಕು. ಡಬ್ಬಿಯ ಮೇಲಿನ "32ರಿಂದ 65 ಇಂಚು" ಎಂಬ ಬರಹ ಬರೀ ಅಂದಾಜು. ವೆಸಾ ಮತ್ತು ಕೆ.ಜಿ. ಎರಡನ್ನೂ ನೋಡಿ ಕೊಳ್ಳಿ.

ಬ್ರ್ಯಾಕೆಟ್‌ಗಳಲ್ಲಿ ಮೂರು ಬಗೆ: ಗೋಡೆಗೆ ಅಂಟಿಕೊಂಡಂತೆ ಕೂರುವ ಫಿಕ್ಸೆಡ್, ಮುಂದಕ್ಕೆ ಬಾಗುವ ಟಿಲ್ಟ್, ತೋಳಿನಂತೆ ಎಳೆದು ತಿರುಗಿಸುವ ಸ್ವಿವೆಲ್. ಅಂಗಡಿಯವರು ಮೂರನ್ನೂ ಬೆಲೆಯ ವ್ಯತ್ಯಾಸ ಎಂಬಂತೆ ತೋರಿಸುತ್ತಾರೆ. ಗೋಡೆಗೆ ಮಾತ್ರ ಅದು ಬೇರೆಯೇ ಲೆಕ್ಕ.

16 ಕೆ.ಜಿ. ಟಿವಿ ಎಂದಿಟ್ಟುಕೊಳ್ಳಿ. ಗೋಡೆಗೆ ಬಿಗಿಯುವ ಬ್ರ್ಯಾಕೆಟ್ ತಟ್ಟೆಯ ಮೇಲಿನ ಬೋಲ್ಟ್‌ಗೂ ಕೆಳಗಿನ ಅಂಚಿಗೂ 20 ಸೆಂ.ಮೀ. ಅಂತರ. ಫಿಕ್ಸೆಡ್ ಬ್ರ್ಯಾಕೆಟ್‌ನಲ್ಲಿ ಟಿವಿಯ ತೂಕ ಗೋಡೆಯಿಂದ ಸುಮಾರು 6 ಸೆಂ.ಮೀ. ದೂರದಲ್ಲಿದೆ. ಮೇಲಿನ ಬೋಲ್ಟ್‌ಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಬಲ 16×6÷20, ಅಂದರೆ 5 ಕೆ.ಜಿ.ಯಷ್ಟೂ ಇಲ್ಲ. ಅದೇ ಟಿವಿ 45 ಸೆಂ.ಮೀ. ಚಾಚಿದ ತೋಳಿನ ತುದಿಯಲ್ಲಿದ್ದರೆ 16×45÷20, ಅಂದರೆ 36 ಕೆ.ಜಿ. ಇದರ ಮೇಲೆ ತೋಳಿನ ಸ್ವಂತ ತೂಕ. 15 ಕೆ.ಜಿ.ಯ ಮಗು ಟಿವಿ ಹಿಡಿದು ಜೋತರೆ ಹೆಚ್ಚುಕಡಿಮೆ 70 ಕೆ.ಜಿ. ಆಗುತ್ತದೆ. ಕೆಳಕ್ಕೆ ಜಗ್ಗುವ ಬಲವನ್ನು ಎಂಥ ಗೋಡೆಯೂ ಒಂದಿಷ್ಟು ತಡೆದುಕೊಳ್ಳುತ್ತದೆ. ಹೊರಕ್ಕೆ ಕೀಳುವ ಬಲಕ್ಕೇ ಪ್ಲಗ್‌ಗಳು ಕಿತ್ತು ಬರುವುದು.

ಹಾಗಾಗಿ ನಮ್ಮ ಸಲಹೆ ನೇರ. ಎಎಸಿ, ಹಾಲೋ ಬ್ಲಾಕ್, ಮಣ್ಣಿನ ಬ್ಲಾಕ್ ಗೋಡೆಗೆ ಫಿಕ್ಸೆಡ್ ಅಥವಾ ಟಿಲ್ಟ್ ಹಾಕಿ. ಸ್ವಿವೆಲ್ ಬೇಕೇ ಬೇಕೆಂದರೆ ಕಾಂಕ್ರೀಟ್, ಗಟ್ಟಿ ಇಟ್ಟಿಗೆ ಅಥವಾ ಒಳ್ಳೆಯ ಸಾಲಿಡ್ ಬ್ಲಾಕ್ ಗೋಡೆ ಇರಲಿ. ಡೈನಿಂಗ್ ಟೇಬಲ್‌ನಿಂದಲೂ ಕಾಣಲಿ ಎಂದು ಸ್ವಿವೆಲ್ ಕೊಂಡವರಲ್ಲಿ ಅದನ್ನು ಆಮೇಲೆ ಎಳೆದು ತಿರುಗಿಸುವವರು ಕಡಿಮೆ.

ಫಿಕ್ಸೆಡ್ ಬ್ರ್ಯಾಕೆಟ್‌ಗೂ ಒಂದು ಕಾಟ ಇದೆ. ಟಿವಿಗೂ ಗೋಡೆಗೂ ನಡುವೆ ಉಳಿಯುವುದು ಎರಡೂವರೆ ಮೂರು ಸೆಂ.ಮೀ. ಸಾಕೆಟ್ ಸರಿಯಾಗಿ ಟಿವಿ ಹಿಂದೆ ಇದ್ದರೆ ತ್ರೀ ಪಿನ್ ಪ್ಲಗ್ ಚುಚ್ಚಿದ ಮೇಲೆ ಟಿವಿ ಕೂರುವುದೇ ಇಲ್ಲ. ಎಚ್‌ಡಿಎಂಐ ಕಿಂಡಿಗಳು ಪಕ್ಕಕ್ಕಿವೆಯೋ ಹಿಂದಕ್ಕೆ ನೇರವಾಗಿವೆಯೋ ಅದನ್ನೂ ನೋಡಿಕೊಂಡೇ ಬ್ರ್ಯಾಕೆಟ್ ತನ್ನಿ.

ಹಂತ 4: ಎತ್ತರ

ಹೋಟೆಲ್‌ಗಳಲ್ಲಿ ನೋಡಿ ನೋಡಿ ಎಲ್ಲರೂ ಟಿವಿಯನ್ನು ತೀರಾ ಮೇಲೆ ಹಾಕಿಸುತ್ತಾರೆ. ತಿಂಗಳೊಳಗೆ ಕತ್ತು ನೋವು. ಸೋಫಾದಲ್ಲಿ ಒರಗಿ ಕೂತಾಗ ಕಣ್ಣು ನೆಲದಿಂದ ಸುಮಾರು 100ರಿಂದ 107 ಸೆಂ.ಮೀ. ಎತ್ತರದಲ್ಲಿರುತ್ತದೆ. ಪರದೆಯ ನಡುಭಾಗ ಅಲ್ಲಿಗೆ ಬರಬೇಕು. ದಿವಾನ್ ಮೇಲೆ ಅಥವಾ ನೆಲದ ಮೇಲೆ ಕೂರುವ ಮನೆಯಾದರೆ ಇನ್ನೂ ಕೆಳಗೆ. ನಿಮ್ಮ ಮನೆಯವರನ್ನೇ ಕೂರಿಸಿ ಅಳೆದರೆ ಮುಗಿಯಿತು. ದೂರಕ್ಕೆ ಸುಲಭ ಲೆಕ್ಕ: ಪರದೆಯ ಇಂಚಿನ 1.2ರಿಂದ 1.6 ಪಟ್ಟು. 55 ಇಂಚಿಗೆ ಸುಮಾರು ಐದೂವರೆಯಿಂದ ಏಳೂವರೆ ಅಡಿ.

ಇದನ್ನು ಗೋಡೆಯ ಗುರುತಿಗೆ ತರುವುದು ಹೀಗೆ. ಟಿವಿಯನ್ನು ಮಂಚದ ಮೇಲೆ ಬೆಡ್‌ಶೀಟ್ ಹಾಸಿ ಮುಖ ಕೆಳಗೆ ಮಾಡಿ ಮಲಗಿಸಿ, ಬ್ರ್ಯಾಕೆಟ್‌ನ ಕೊಕ್ಕೆ ಪಟ್ಟಿಗಳನ್ನು (ತಟ್ಟೆಗೆ ಸಿಕ್ಕಿಸುವ ಭಾಗ) ಬೆನ್ನಿಗಿಟ್ಟು, ಕೊಕ್ಕೆಯಿಂದ ಟಿವಿಯ ಕೆಳಅಂಚಿಗೆ ಎಷ್ಟು ದೂರ ಎಂದು ಅಳೆಯಿರಿ. 55 ಇಂಚಿನ ಟಿವಿಯ ಒಟ್ಟು ಎತ್ತರ ಸುಮಾರು 71 ಸೆಂ.ಮೀ. ನಡುಭಾಗ 105 ಸೆಂ.ಮೀ.ಗೆ ಬರಬೇಕಾದರೆ ಕೆಳಅಂಚು ಸುಮಾರು 70ಕ್ಕೆ ಬರುತ್ತದೆ. ಕೊಕ್ಕೆ ಕೆಳಅಂಚಿನಿಂದ 45 ಸೆಂ.ಮೀ. ಮೇಲಿದ್ದರೆ ಗೋಡೆ ತಟ್ಟೆಯ ಮೇಲಂಚು 115ಕ್ಕೆ ಬರಬೇಕು. ಬೋಲ್ಟ್ ತೂತು ಮೇಲಂಚಿನಿಂದ 3 ಸೆಂ.ಮೀ. ಕೆಳಗಿದ್ದರೆ ಡ್ರಿಲ್ ಗುರುತು 112. ಈ ಕೊನೆಯ ಎರಡು ಕೂಡು-ಕಳೆ ಬಿಟ್ಟು, ತಟ್ಟೆಯನ್ನೇ ನಡುವಿಗೆ ಹಾಕಿದರೆ ಟಿವಿ ಹತ್ತು ಸೆಂ.ಮೀ. ಆಚೀಚೆ ಆಗಿ ಕೂರುತ್ತದೆ, ಆಮೇಲೆ ಹೊಸ ತೂತೇ ಗತಿ.

ಕೆಳಗೆ ಸೌಂಡ್‌ಬಾರ್ ಬರುವುದಾದರೆ 10ರಿಂದ 15 ಸೆಂ.ಮೀ. ಬಿಡಿ. ಮೇಲೆ ಶೆಲ್ಫ್ ಇದ್ದರೆ ಟಿವಿಯನ್ನು ಎತ್ತಿ ಕೊಕ್ಕೆಗೆ ಹಾಕಲು ಐದು ಸೆಂ.ಮೀ.ಯಾದರೂ ಜಾಗ ಇರಬೇಕು. ಟಿವಿ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ ಗೋಡೆಗೆ ಅಂಟಿಸಿ ಒಂದು ಸಂಜೆ ಹಾಗೇ ಬಿಡಿ. ಮನೆಯವರೆಲ್ಲ ಒಪ್ಪಿದ ಮೇಲೆ ಕೊರೆಯಿರಿ.

ಹಂತ 5: ಗೋಡೆಗೆ ತಕ್ಕ ಪ್ಲಗ್

ಪ್ಲಗ್ ಎಂದರೆ ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಅಥವಾ ನೈಲಾನ್ ಕೊಳವೆ. ಸ್ಕ್ರೂ ಒಳಗೆ ಹೋದಂತೆ ಅದು ಅಗಲವಾಗಿ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ರಾಲ್ ಪ್ಲಗ್, ಗಿಟ್ಟಿ ಎಂದೂ ಕೇಳಿ ಕೊಳ್ಳಬಹುದು. ಅದು ಹಿಡಿಯಬೇಕಾದ್ದು ಬ್ಲಾಕನ್ನು, ಪ್ಲಾಸ್ಟರಿಂಗನ್ನಲ್ಲ. ಟಿವಿ ಡಬ್ಬಿಯಲ್ಲಿ ಬರುವ ಗಿಡ್ಡ ಸ್ಕ್ರೂಗಳ ತೊಂದರೆ ಇದೇ: ಅವುಗಳ ಹಿಡಿತದ ಕಾಲುಭಾಗಕ್ಕೂ ಹೆಚ್ಚು 15 ಮಿ.ಮೀ. ಪ್ಲಾಸ್ಟರಿಂಗ್‌ನಲ್ಲೇ ಕಳೆದುಹೋಗುತ್ತದೆ.

ಸ್ಕ್ರೂ ಉದ್ದದ ಲೆಕ್ಕ: ಪ್ಲಾಸ್ಟರಿಂಗ್ 15 + ಪ್ಲಗ್ 50 + ಬ್ರ್ಯಾಕೆಟ್ ತಗಡು 2 + ಸ್ಕ್ರೂವಿನ ದಪ್ಪದಷ್ಟು 6, ಒಟ್ಟು 73. ಅಂಗಡಿಯಲ್ಲಿ 75 ಮಿ.ಮೀ. ಕೇಳಿ. ಪ್ಲಗ್ಗನ್ನು ಪ್ಲಾಸ್ಟರಿಂಗ್ ದಾಟುವವರೆಗೆ ಒಳಕ್ಕೆ ತಳ್ಳಿ. ತೂತು ಸ್ಕ್ರೂ ತುದಿಗಿಂತ ಒಂದಿಷ್ಟು ಆಳವಿರಲಿ, 80 ಮಿ.ಮೀ. 4 ಇಂಚಿನ ಬ್ಲಾಕ್ ಗೋಡೆ ಎರಡೂ ಬದಿಯ ಪ್ಲಾಸ್ಟರಿಂಗ್ ಸೇರಿ ಸುಮಾರು 125 ಮಿ.ಮೀ. ಇರುವುದರಿಂದ ಆಚೆ ಬದಿಗೆ ತೂತು ಬೀಳುವ ಭಯವಿಲ್ಲ.

ಇಟ್ಟಿಗೆ: 8 ಮಿ.ಮೀ. ನೈಲಾನ್ ಪ್ಲಗ್, 6 ಮಿ.ಮೀ. ಸ್ಕ್ರೂ, 55 ಇಂಚಿನ ಮೇಲಾದರೆ 10 ಮಿ.ಮೀ. ಪ್ಲಗ್, 8 ಮಿ.ಮೀ. ಸ್ಕ್ರೂ. ಕೊರೆಯುವಾಗ ಕೆಂಪು ಪುಡಿ ಬದಲು ಬೂದು ಪುಡಿಯೇ ಬರುತ್ತಿದ್ದರೆ ಬಿಟ್ ಎರಡು ಇಟ್ಟಿಗೆಗಳ ನಡುವಿನ ಗಾರೆಯಲ್ಲಿದೆ ಎಂದರ್ಥ. ಮೂರ್ನಾಲ್ಕು ಸೆಂ.ಮೀ. ಮೇಲೆ ಅಥವಾ ಕೆಳಗೆ ಸರಿಯಿರಿ. ಹಳೇ ಮನೆಯ ಸುಣ್ಣದ ಗಾರೆ ಪ್ಲಗ್ಗನ್ನು ಹಿಡಿಯುವುದೇ ಇಲ್ಲ.

ಸಾಲಿಡ್ ಬ್ಲಾಕ್: ಇದೇ ಅಳತೆ. ಆದರೆ ಬ್ಲಾಕಿನ ಗುಣಮಟ್ಟ ಮನೆಯಿಂದ ಮನೆಗೆ ಬೇರೆ. ಸಿಮೆಂಟ್ ಕಡಿಮೆ ಹಾಕಿದ ಬ್ಲಾಕ್ ಹ್ಯಾಮರ್ ಏಟಿಗೆ ಒಳಗೇ ಉದುರಿ, 8 ಮಿ.ಮೀ. ಬಿಟ್ ಹಾಕಿದರೂ ತೂತು 10ರಷ್ಟು ದೊಡ್ಡದಾಗುತ್ತದೆ. ಪ್ಲಗ್ ಬೆರಳಿಂದಲೇ ಒಳಗೆ ಹೋದರೆ ಅದು ಲೂಸ್. ಈ ಹೊತ್ತಿಗೆ ಕೆಲಸದವರು ಬೆಂಕಿಕಡ್ಡಿಯನ್ನೋ ಪೊರಕೆ ಕಡ್ಡಿಯನ್ನೋ ತುರುಕಿ ಬಿಗಿ ಮಾಡುತ್ತಾರೆ. ಗೋಡೆ ಗಡಿಯಾರಕ್ಕೆ ಅದು ಸರಿ. ಟಿವಿಗೆ ಒಪ್ಪಬೇಡಿ, 10 ಮಿ.ಮೀ. ಉದ್ದ ಪ್ಲಗ್‌ಗೆ ಹೋಗಿ, ಅದೂ ಲೂಸಾದರೆ ಕೆಳಗೆ ಹೇಳಿರುವ ಕೆಮಿಕಲ್ ಆಂಕರ್.

ಕಾಂಕ್ರೀಟ್: 8 ಅಥವಾ 10 ಮಿ.ಮೀ. ಪ್ಲಗ್ ಸಾಕು. ಸ್ವಿವೆಲ್‌ಗಾದರೆ ಆಂಕರ್ ಬೋಲ್ಟ್, ಅಂದರೆ ನಟ್ ಬಿಗಿದಂತೆ ತುದಿ ಅಗಲವಾಗುವ ಕಬ್ಬಿಣದ ಬೋಲ್ಟ್. ಎರಡು ಮೂರು ಸೆಂ.ಮೀ. ಹೋದಮೇಲೆ ಬಿಟ್ ಥಟ್ಟನೆ ನಿಂತು ಲೋಹದ ಸದ್ದು ಬಂದರೆ ಒಳಗಿನ ಕಂಬಿ ಸಿಕ್ಕಿದೆ. ಜಿದ್ದಿಗೆ ಬಿದ್ದು ಕತ್ತರಿಸಬೇಡಿ, ತೂತಿನ ಜಾಗ ಬದಲಿಸಿ. ಬ್ರ್ಯಾಕೆಟ್ ತಟ್ಟೆಯಲ್ಲಿ ಸಾಲಾಗಿ ಹೆಚ್ಚುವರಿ ತೂತುಗಳಿರುವುದು ಇದಕ್ಕೇ. ಈ ಆಂಕರ್ ಬೋಲ್ಟನ್ನು ಇಟ್ಟಿಗೆಗೆ, ಹಾಲೋ ಬ್ಲಾಕಿಗೆ, ಎಎಸಿಗೆ ಹಾಕುವುದು ತಪ್ಪು. ಅದು ಒತ್ತುವ ರಭಸಕ್ಕೆ ಬ್ಲಾಕೇ ಸೀಳುತ್ತದೆ.

ಎಎಸಿ: ಹ್ಯಾಮರ್ ಕಡ್ಡಾಯವಾಗಿ ಆಫ್. ಪ್ಯಾಕೆಟ್ ಮೇಲೆ ಬೇರೆ ಹೇಳಿರದಿದ್ದರೆ ಪ್ಲಗ್‌ಗಿಂತ 1 ಮಿ.ಮೀ. ಚಿಕ್ಕ ಬಿಟ್ ಬಳಸಿ. 43 ಇಂಚಿನವರೆಗಿನ ಫಿಕ್ಸೆಡ್ ಬ್ರ್ಯಾಕೆಟ್‌ಗೆ 10 ಮಿ.ಮೀ. ದಪ್ಪ, 80 ಮಿ.ಮೀ. ಉದ್ದದ ನೈಲಾನ್ ಪ್ಲಗ್, ಅಥವಾ ಎಎಸಿಗೆಂದೇ ಬರುವ ಅಗಲ ಸುರುಳಿಯ ಪ್ಲಗ್. ನಾಲ್ಕರ ಬದಲು ಆರು ಹಾಕಿ. ಅದಕ್ಕಿಂತ ದೊಡ್ಡ ಟಿವಿಗೆ ಎರಡು ದಾರಿ. ಮೊದಲನೆಯದು, 18 ಮಿ.ಮೀ. ದಪ್ಪದ ನೀರು ತಡೆಯುವ ಪ್ಲೈವುಡ್ ಹಲಗೆಯನ್ನು ಹತ್ತು ಹನ್ನೆರಡು ಉದ್ದ ಪ್ಲಗ್‌ಗಳಲ್ಲಿ ಗೋಡೆಗೆ ಬಿಗಿದು, ಬ್ರ್ಯಾಕೆಟ್ಟನ್ನು ಹಲಗೆಗೆ ಬೋಲ್ಟ್ ಮಾಡುವುದು. ಭಾರ ನಾಲ್ಕು ಕಡೆ ಸೇರುವ ಬದಲು ಹನ್ನೆರಡು ಕಡೆ ಹಂಚಿಹೋಗುತ್ತದೆ. ಹಲಗೆ ಟಿವಿಗಿಂತ ಚಿಕ್ಕದಾದ್ದರಿಂದ ಕಾಣುವುದಿಲ್ಲ. ಎರಡನೆಯದು ಕೆಮಿಕಲ್ ಆಂಕರ್.

ಕೆಮಿಕಲ್ ಆಂಕರ್ ಎಂದರೆ ಎರಡು ಭಾಗದ ಅಂಟು. ಗನ್‌ನಿಂದ ಒತ್ತಿದಾಗ ಮೂತಿಯಲ್ಲಿ ಬೆರೆತು ಬರುತ್ತದೆ. ಮೊದಲು ಬರುವ ಅಂಟು ಸರಿಯಾಗಿ ಬೆರೆತಿರುವುದಿಲ್ಲ. ಒಂದೇ ಬಣ್ಣ ಬರುವವರೆಗೆ ಕಾಗದದ ಮೇಲೆ ಒತ್ತಿ ಬಿಸಾಕಿ. ಪುಡಿ ತೆಗೆದ ತೂತಿನ ತಳದಿಂದ ಶುರುಮಾಡಿ ಮೂರನೇ ಎರಡು ಭಾಗ ತುಂಬಿ, ಥ್ರೆಡ್ ಕಂಬಿಯನ್ನು ತಿರುಗಿಸುತ್ತಾ ಒಳಗೆ ಬಿಡಿ. ಡಬ್ಬಿಯ ಮೇಲೆ ಬರೆದ ಹೊತ್ತು ಮುಗಿಯುವವರೆಗೆ ಮುಟ್ಟಬೇಡಿ. ಬೇಗ ಒಣಗೀತು ಎಂಬ ಆಸೆಗೆ ಬಿದ್ದು ನಟ್ ಬಿಗಿದರೆ ಅಷ್ಟೂ ದುಡ್ಡು ದಂಡ.

ಹಾಲೋ ಬ್ಲಾಕ್, ಟೊಳ್ಳು ಮಣ್ಣಿನ ಬ್ಲಾಕ್: ಇಲ್ಲೂ ಹ್ಯಾಮರ್ ಬೇಡ, ಒಳಗಿನ ತೆಳು ಗೋಡೆಗಳು ಒಡೆಯುತ್ತವೆ. ಕನಿಷ್ಠ ಎರಡು ಒಳಗೋಡೆ ಹಿಡಿಯುವಂಥ 80ರಿಂದ 100 ಮಿ.ಮೀ. ಉದ್ದದ ಪ್ಲಗ್ ಬೇಕು. ಕೆಮಿಕಲ್ ಆಂಕರ್ ಆದರೆ ಜಾಲರಿ ಕೊಳವೆ ಸೇರಿಸಿಯೇ ಹಾಕಬೇಕು. ಇಲ್ಲದಿದ್ದರೆ ಅಂಟೆಲ್ಲ ಟೊಳ್ಳಿಗೆ ಸುರಿದುಹೋಗುತ್ತದೆ.

ಮಣ್ಣಿನ ಬ್ಲಾಕಿಗೂ ಹ್ಯಾಮರ್ ಇಲ್ಲದೆ 10 ಮಿ.ಮೀ. ಉದ್ದ ಪ್ಲಗ್. ಪ್ಲಾಸ್ಟರಿಂಗ್ ಇಲ್ಲದ ಗೋಡೆಯಲ್ಲಿ ತಪ್ಪು ತೂತನ್ನು ಮುಚ್ಚಿದರೂ ತೇಪೆ ಕಾಣುತ್ತದೆ, ಎರಡೆರಡು ಸಲ ಅಳೆಯಿರಿ. ಸೈಜುಗಲ್ಲಿಗೆ ರೋಟರಿ ಹ್ಯಾಮರ್ ಮತ್ತು ತಾಳ್ಮೆ. ಸಂದಿಯಲ್ಲಲ್ಲ, ಕಲ್ಲಿನಲ್ಲೇ ತೂತು.

ಗೋಡೆಯ ಮೇಲೆ ಪಿವಿಸಿ ಪ್ಯಾನೆಲ್, ಪಟ್ಟಿ ಪಟ್ಟಿಯ ಲೂವರ್ ಅಥವಾ ಎಂಡಿಎಫ್ ಹೊದಿಸಿದ್ದರೆ ಅವುಗಳಿಗೇ ಬ್ರ್ಯಾಕೆಟ್ ಬಿಗಿಯಬೇಡಿ. ಪ್ಯಾನೆಲ್ ದಾಟಿ ಗೋಡೆಗೇ ಬೋಲ್ಟ್ ಹೋಗಬೇಕು, ನಡುವಿನ ಖಾಲಿ ಜಾಗಕ್ಕೆ ಕಬ್ಬಿಣದ ಕೊಳವೆ ತುಂಡು ಕೊಡಬೇಕು. ಇಂಟೀರಿಯರ್ ಕೆಲಸ ಇನ್ನೂ ನಡೆಯುತ್ತಿದ್ದರೆ ಆ ಜಾಗದಲ್ಲಿ 18 ಮಿ.ಮೀ. ಪ್ಲೈವುಡ್ ಹಾಕಿ ಗೋಡೆಗೆ ಬಿಗಿಯಲು ಈಗಲೇ ಕಾರ್ಪೆಂಟರ್‌ಗೆ ಹೇಳಿ.

ಹಂತ 6: ಕೊರೆಯುವುದು

ತಟ್ಟೆಯನ್ನು ಗೋಡೆಗಿಟ್ಟು, ರಸಮಟ್ಟ ನೋಡಿ, ಒಂದು ಗುರುತು ಮಾತ್ರ ಹಾಕಿ. ಆ ತೂತು ಕೊರೆದು ಸ್ಕ್ರೂ ಅರ್ಧ ಬಿಗಿದು, ಮತ್ತೆ ಮಟ್ಟ ನೋಡಿ ಉಳಿದ ಗುರುತುಗಳನ್ನು ಹಾಕಿ. ನಾಲ್ಕನ್ನೂ ಒಮ್ಮೆಗೇ ಗುರುತಿಸಿ ಕೊರೆದರೆ ಬಿಟ್ ಎರಡು ಮಿ.ಮೀ. ಜಾರಿದರೂ ಸಾಲು ತಪ್ಪುತ್ತದೆ. ಗುರುತಿನ ಮೇಲೆ ಮೊಳೆಯಿಂದ ಸಣ್ಣ ಕುಳಿ ಮಾಡಿಕೊಂಡರೆ ಬಿಟ್ ಜಾರುವುದಿಲ್ಲ. ಟೈಲ್ಸ್ ಅಥವಾ ಗ್ರಾನೈಟ್ ಹೊದಿಸಿದ ಗೋಡೆಯಾದರೆ ಅದನ್ನು ದಾಟುವವರೆಗೆ ಟೈಲ್ಸ್ ಬಿಟ್, ಹ್ಯಾಮರ್ ಇಲ್ಲದೆ.

ಬಿಟ್ ಮೇಲೆ 80 ಮಿ.ಮೀ.ಗೆ (ಉದ್ದ ಪ್ಲಗ್ ಆದರೆ ಅದಕ್ಕೆ ತಕ್ಕಷ್ಟು ಹೆಚ್ಚು ಆಳಕ್ಕೆ) ಮಾಸ್ಕಿಂಗ್ ಟೇಪ್ ಸುತ್ತಿ, ಅಲ್ಲಿಗೆ ನಿಲ್ಲಿಸಿ. ಡ್ರಿಲ್ ಗೋಡೆಗೆ ನೇರ ಇರಲಿ. ತೂತಿನ ಪುಡಿಯನ್ನು ಸೈಕಲ್ ಪಂಪ್‌ನಿಂದ ಊದಿ ತೆಗೆಯಿರಿ. ಬಾಯಿಂದ ಊದಿದರೆ ಪುಡಿ ಕಣ್ಣಿಗೆ ಬರುತ್ತದೆ. ಪುಡಿ ಒಳಗೇ ಉಳಿದರೆ ಪ್ಲಗ್ ಪೂರ್ತಿ ಹೋಗುವುದಿಲ್ಲ, ಹೋದರೂ ಹಿಡಿತ ಸಿಗುವುದಿಲ್ಲ. ಪ್ಲಗ್ ಸುತ್ತಿಗೆಯ ಹಗುರ ಏಟಿಗೆ ಬಿಗಿಯಾಗಿ ಇಳಿಯಬೇಕು. ಸ್ಕ್ರೂ ತಲೆಯ ಕೆಳಗೆ ವಾಷರ್ ಮರೆಯಬೇಡಿ. ಕೊನೆಯ ಸುತ್ತುಗಳನ್ನು ಕೈಯಿಂದಲೇ ಬಿಗಿಯಿರಿ, ಅದರಲ್ಲೂ ಎಎಸಿಯಲ್ಲಿ. ಮೆಷಿನ್ ಒಂದು ಸುತ್ತು ಹೆಚ್ಚು ತಿರುಗಿಸಿದರೆ ಪ್ಲಗ್ ಒಳಗೇ ಸುತ್ತತೊಡಗುತ್ತದೆ, ಆ ತೂತು ಕೆಟ್ಟಂತೆ.

ಹಂತ 7: ಟಿವಿಗೆ ಮುಂಚೆ ಅಕ್ಕಿ ಮೂಟೆ

ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಜೋರಾಗಿ ಎಳೆಯಿರಿ. ಕೂದಲೆಳೆಯಷ್ಟೂ ಸಂದು ಬಿಡಬಾರದು. ಆಮೇಲೆ 25 ಕೆ.ಜಿ. ಅಕ್ಕಿ ಮೂಟೆಗೆ ಹಗ್ಗ ಕಟ್ಟಿ ತಟ್ಟೆಗೆ ನೇತುಹಾಕಿ, ಕೆಳಗೆ ಹಾಸಿಗೆ ಹಾಕಿ, ಒಂದು ಗಂಟೆ ಬಿಡಿ. ತಟ್ಟೆಯ ಮೇಲಂಚಿಗೆ ಮೊದಲೇ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದರೆ ಇಳಿದಿದೆಯೇ ಎಂದು ಗೊತ್ತಾಗುತ್ತದೆ. ಗೆರೆಗೂ ತಟ್ಟೆಗೂ ನಡುವೆ ಸಂದು ಕಂಡರೆ, ಅಥವಾ ಸ್ಕ್ರೂ ಸುತ್ತ ಪೇಂಟ್ ಬಿರಿದಿದ್ದರೆ, ಆ ತೂತುಗಳನ್ನು ನಂಬಬೇಡಿ.

ಕಂಪನಿಯ ಟೆಕ್ನಿಷಿಯನ್ ಬಂದು ಹಾಕುವುದಾದರೂ ಈ ಪರೀಕ್ಷೆ ಮಾಡಿ. ದಿನಕ್ಕೆ ಹಲವು ಮನೆ ಮುಗಿಸಬೇಕಾದ ಅವರು ಡಬ್ಬಿಯ ಪ್ಲಗ್ಗನ್ನೇ ಹಾಕಿ ಹೊರಡಲು ನೋಡುವುದು ಸಹಜ. "ಅಣ್ಣಾ, ನಮ್ಮದು ಎಎಸಿ ಗೋಡೆ, ಪ್ಲಗ್ ನಾವು ತಂದಿದ್ದೇವೆ, ಹ್ಯಾಮರ್ ಆಫ್ ಮಾಡಿ" ಎಂದು ಮೊದಲೇ ಹೇಳಿ. ನೀವೇ ಹಾಕಿದರೆ ವಾರಂಟಿಗೆ ತೊಂದರೆಯೇ ಎಂಬುದನ್ನು ವಾರಂಟಿ ಕಾರ್ಡ್‌ನಲ್ಲಿ ಓದಿಕೊಳ್ಳಿ.

ಹಂತ 8: ಟಿವಿ ಏರಿಸುವುದು

ಟಿವಿ ಬೆನ್ನಿನ ಸ್ಕ್ರೂ ಚಿಕ್ಕ ಟಿವಿಗೆ ಎಂ4, ದೊಡ್ಡದಕ್ಕೆ ಎಂ6 ಅಥವಾ ಎಂ8 ಇರುತ್ತದೆ. ಎಂ ಪಕ್ಕದ ಅಂಕಿ ಸ್ಕ್ರೂವಿನ ದಪ್ಪ, ಮಿ.ಮೀ.ನಲ್ಲಿ. ಉದ್ದ ಮುಖ್ಯ. ಹೆಚ್ಚು ಉದ್ದದ ಸ್ಕ್ರೂ ಒಳಗಿನ ಬೋರ್ಡಿಗೋ ಪ್ಯಾನೆಲ್ಲಿಗೋ ತಾಗಿದರೆ ಪರದೆಯೇ ಹೋಗುತ್ತದೆ. ತೂತಿಗೆ ಅಗರಬತ್ತಿ ಕಡ್ಡಿ ಇಟ್ಟು ಆಳ ಅಳೆಯಿರಿ. ಸ್ಕ್ರೂ ಅದರ ದಪ್ಪದಷ್ಟಾದರೂ ಒಳಗೆ ಹೋಗಬೇಕು, ತಳ ಮುಟ್ಟಬಾರದು. ಬೆನ್ನು ಉಬ್ಬುತಗ್ಗಿದ್ದರೆ ಡಬ್ಬಿಯಲ್ಲಿ ಬಂದ ಪ್ಲಾಸ್ಟಿಕ್ ಸ್ಪೇಸರ್ ಹಾಕಿ. ಶುರುವಿನ ಸುತ್ತುಗಳು ಬೆರಳಲ್ಲೇ ತಿರುಗಬೇಕು; ತಿರುಗದಿದ್ದರೆ ಸ್ಕ್ರೂ ಓರೆಯಾಗಿದೆ.

ಕೇಬಲ್‌ಗಳನ್ನು ಈಗಲೇ ಚುಚ್ಚಿ. 43 ಇಂಚು ಮತ್ತು ಮೇಲಿನದಕ್ಕೆ ಇಬ್ಬರು ಬೇಕು. ಪರದೆಯನ್ನು ಒತ್ತಿ ಹಿಡಿಯಬೇಡಿ, ಕೆಳಅಂಚು ಮತ್ತು ಪಕ್ಕದ ಅಂಚು ಹಿಡಿಯಿರಿ. ಎರಡೂ ಕೊಕ್ಕೆ ಕೂತವೇ ಎಂದು ಮೂರನೆಯವರು ಪಕ್ಕದಿಂದ ಟಾರ್ಚ್ ಹಾಕಿ ನೋಡಲಿ. ಒಂದೇ ಕೊಕ್ಕೆ ಕೂತಾಗಲೂ ಟಿವಿ ಕೂತಂತೆಯೇ ಕಾಣುತ್ತದೆ. ಕೊನೆಗೆ ಕೆಳಗಿನ ಲಾಕ್ ಸ್ಕ್ರೂ ಅಥವಾ ದಾರ ಎಳೆದು ಬೀಳುವ ಲಾಕ್. ಇದನ್ನು ಹಾಕದಿದ್ದರೆ ಒರೆಸುವಾಗ ಟಿವಿಯನ್ನು ಕೆಳಗಿನಿಂದ ತುಸು ಎತ್ತಿದರೂ ಕೊಕ್ಕೆ ತಪ್ಪುತ್ತದೆ.

ಹಂತ 9: ವೈರುಗಳು

ಕರೆಂಟ್ ವೈರನ್ನು ಪೈಪಿಲ್ಲದೆ ಗೋಡೆಯೊಳಗೆ ಹೂಳಬೇಡಿ. ಹೊರಗೇ ಬರುವುದಾದರೆ ಪಿವಿಸಿ ಕೇಸಿಂಗ್ ಪಟ್ಟಿ ಹಾಕಿ ಗೋಡೆಯ ಬಣ್ಣ ಹೊಡೆಸಿ. ಮನೆ ಕಟ್ಟುತ್ತಿರುವವರು ಟಿವಿ ಹಿಂದಿನಿಂದ ಕೆಳಗಿನ ಯೂನಿಟ್‌ವರೆಗೆ 2 ಇಂಚಿನ ಖಾಲಿ ಪೈಪ್ ಬಿಡಿಸಿ, ತುದಿಗಳಲ್ಲಿ ಎಲ್ಬೋ ಬದಲು ಬೆಂಡ್ ಹಾಕಿಸಿ. ಎಚ್‌ಡಿಎಂಐ ತಲೆ ಎಲ್ಬೋದಲ್ಲಿ ಸಿಕ್ಕಿಕೊಳ್ಳುತ್ತದೆ. ಸೆಟ್ ಟಾಪ್ ಬಾಕ್ಸನ್ನು ಟಿವಿ ಹಿಂದೆ ಬಚ್ಚಿಟ್ಟರೆ ರಿಮೋಟ್ ಕೆಲಸ ಮಾಡದು.

ಅರ್ಥ್ ಇರುವ ತ್ರೀ ಪಿನ್ ಸಾಕೆಟ್ ಸಾಕು. ಹೆಚ್ಚಿನ ಟಿವಿಗಳು 100ರಿಂದ 240 ವೋಲ್ಟ್ ತಡೆಯುತ್ತವೆ. ಬೆನ್ನಿನ ಚೀಟಿಯಲ್ಲಿ ಹಾಗಿದ್ದರೆ ಸ್ಟೆಬಿಲೈಸರ್ ಬೇಕಿಲ್ಲ, ಒಳ್ಳೆಯ ಸ್ಪೈಕ್ ಗಾರ್ಡ್ ಇದ್ದರೆ ಒಳಿತು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಪ್ಲಗ್ ಜೊತೆಗೆ ಡಿಶ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಕರೆಂಟ್ ಆ ಕೇಬಲ್ ಮೂಲಕವೂ ಟಿವಿಗೆ ಬರುತ್ತದೆ.

ಬಾಡಿಗೆ ಮನೆಯವರಿಗೆ

ಓನರ್ ಒಪ್ಪಿಗೆಯನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿ ಪಡೆಯಿರಿ. ಅಡ್ವಾನ್ಸ್ ವಾಪಸ್ ಬರುವಾಗ ತೂತಿನ ಮಾತು ಬಂದೇ ಬರುತ್ತದೆ. ಹಳೇ ಬಾಡಿಗೆದಾರರು ಬಿಟ್ಟುಹೋದ ತೂತುಗಳಿಗೇ ನಿಮ್ಮ ಬ್ರ್ಯಾಕೆಟ್ ಹೊಂದಿಸಲು ಹೋಗಬೇಡಿ, ಅವು ಈಗಾಗಲೇ ಸಡಿಲವಾಗಿರುತ್ತವೆ. ಕನಿಷ್ಠ ಐದು ಸೆಂ.ಮೀ. ದೂರದಲ್ಲಿ ಹೊಸದು ಕೊರೆಯಿರಿ. ಅಪಾರ್ಟ್‌ಮೆಂಟ್‌ನಲ್ಲಿ ಡ್ರಿಲ್ ಮಾಡಬಹುದಾದ ಹೊತ್ತು ಯಾವುದೆಂದು ಸೆಕ್ಯುರಿಟಿಯವರನ್ನು ಕೇಳಿಕೊಳ್ಳಿ. ಓನರ್ ಒಪ್ಪದಿದ್ದರೆ ಅಥವಾ ಗೋಡೆ ತೀರಾ ಉದುರುವಂಥದ್ದಾದರೆ ಅಗಲ ತಳದ, ನೆಲದ ಮೇಲೆ ನಿಲ್ಲುವ ಟಿವಿ ಸ್ಟ್ಯಾಂಡ್ ಕೊಳ್ಳಿ, ಖಾಲಿ ಮಾಡುವಾಗ ಜೊತೆಗೆ ಒಯ್ಯಬಹುದು.

ಮನೆ ಬಿಡುವಾಗ ಪ್ಲಗ್‌ಗೆ ಸ್ಕ್ರೂ ಅರ್ಧ ತಿರುಗಿಸಿ ಇಕ್ಕಳದಿಂದ ಸ್ಕ್ರೂ ಸಮೇತ ಎಳೆಯಿರಿ. ಬರದಿದ್ದರೆ ಇನ್ನಷ್ಟು ಒಳಕ್ಕೆ ತಳ್ಳಿ ಬಿಡಿ. ತೂತಿಗೆ ನೀರು ಚಿಮುಕಿಸಿ, ವಾಲ್ ಪುಟ್ಟಿಯನ್ನು ಎರಡು ಸಲಕ್ಕೆ ತುಂಬಿ. ಒಂದೇ ಸಲ ತುಂಬಿದರೆ ಒಣಗಿದ ಮೇಲೆ ಕುಳಿ ಬೀಳುತ್ತದೆ. ಮಾರನೇ ದಿನ ಉಜ್ಜು ಕಾಗದ ಹಾಕಿ, ಉಳಿದಿರುವ ಹಳೇ ಪೇಂಟ್ ಇದ್ದರೆ ಓನರ್‌ರಿಂದ ಕೇಳಿ ಹಚ್ಚಿ.